ಅಸಾಗಿರಿಯ ಹಾಡು

ತಕಾಮತ್ಸು
ಫೆಬ್ರವರಿ 9, 2004

ಕುಶಿರೋ ಬಂದರಿನ ಮಹಾಜನಗಳೇ, ದೋಣಿ ಕಟ್ಟಿ ಬಂದವರೇ, ಐಸು ಒಡೆದು ಕೈ ಮರಗಟ್ಟಿದವರೇ, ಫುಮಿಯಮ್ಮನ ಅಂಗಡಿಯಲ್ಲಿ ಸುಟ್ಟ ಮೀನಿಗೆ ಕಾದು ಕೂತ ಸಕಲ ರಸಿಕರೇ, ಲೋಟ ಕೆಳಗಿಡಿ. ಹಿಂದಿನ ಬೆಂಚಿನವರು ಪಿಸುಮಾತು ನಿಲ್ಲಿಸಿ. ಫುಮಿಯಮ್ಮನ ತಂಗಿ, ನನಗೂ ತಂಗಿಯಂಥವಳು, ಒಂದು ಕಾಲಕ್ಕೆ ನಮ್ಮ ಗ್ಯಾಲರಿಯಲ್ಲಿ ಟ್ರಂಪೆಟ್ ಊದುತ್ತಿದ್ದ ಚಿಗುಸಾ ಎಂದಿನಂತೆ ಈ ಕಾಗದವನ್ನು ಗಟ್ಟಿಯಾಗಿ ಓದಲಿ. ದಕ್ಷಿಣದ ತಕಾಮತ್ಸುವಿನಿಂದ, ಕಮೋಮೆ ಬೇಸ್‌ಬಾಲ್ ತಂಡದ ಜೈಕಾರ ದಳದ ದಳಪತಿ, ಉಡೊನ್ ಶಾವಿಗೆ ಅಂಗಡಿಯ ತೊರಾಜೊ, ನಿಮ್ಮೆದುರು ಪರದೆ ಎತ್ತುತ್ತಿದ್ದಾನೆ.

ಸುದ್ದಿ ಒಂದೇ. ಅಸಾಗಿರಿ ವಾಪಸು ಬರುತ್ತಿದ್ದಾನೆ.

ಗೊತ್ತಿಲ್ಲದವರಿಗೆ ಚಿಗುಸಾ ಹೇಳುತ್ತಾಳೆ, ಆದರೂ ನಾನೇ ಹೇಳಿಬಿಡುತ್ತೇನೆ. ನನಗೆ ಕೊಟ್ಟ ಪಾತ್ರ ಇನ್ನೊಬ್ಬರ ಬಾಯಿಗೆ ಹೋಗುವುದು ಚಿಕ್ಕಂದಿನಿಂದಲೂ ಸೇರದು. ಅಸಾಗಿರಿ ಜಿನ್ ಮೀಸೆ ಮೂಡುವ ಮೊದಲೇ ನಮ್ಮ ತಂಡಕ್ಕೆ ಬಂದ. ಚೆಂಡನ್ನು ನಾವು ಕೂರುವ ಬಲ ಗ್ಯಾಲರಿಯ ಮೇಲಿಂದ ಹಾರಿಸಿ ಕಡಲಿಗೆ ಹಾಕಿದ. ಬೆರಳು ಮುರಿದಾಗ ಪಟ್ಟಿ ಸುತ್ತಿಕೊಂಡು ಬ್ಯಾಟು ಹಿಡಿದ. ಅಂಥವನು ಒಂದು ದಿನವೂ ನಮ್ಮ ಗ್ಯಾಲರಿಯ ಕಡೆ ತಿರುಗಿ ತಲೆ ಬಾಗಿಸಲಿಲ್ಲ. ಉಳಿದವರೆಲ್ಲ ಗೆದ್ದರೂ ಸೋತರೂ ಟೋಪಿ ತೆಗೆದು ಬಗ್ಗುತ್ತಾರೆ. ಇವನು ಕೈಗವಸು ಬಿಚ್ಚುತ್ತಾ ಒಳಗೆ ಹೋಗುತ್ತಾನೆ. ಕೊನೆಗೆ ಒಂದು ಸೋಲಿನ ದಿನ ಪತ್ರಿಕೆಯವರ ಮುಂದೆ, "ಬಲ ಗ್ಯಾಲರಿಯ ಗದ್ದಲದಲ್ಲಿ ನನಗೆ ನನ್ನ ಬ್ಯಾಟಿನ ಸದ್ದೇ ಕೇಳಿಸಲ್ಲ" ಅಂದ. ಆ ಚಳಿಗಾಲವೇ ರಾಜಧಾನಿಯ ಸಿರಿವಂತ ತಂಡಕ್ಕೆ ಹೊರಟುಹೋದ. ಈಗ ಮಂಡಿ ಸವೆದಿದೆ. ಅವರು ಬೇಡವೆಂದರು. ನಮ್ಮವರು ಕರೆದರು.

ನನ್ನ ಅಂಗಡಿಯಲ್ಲಿ ದಳ ಎರಡು ಭಾಗವಾಗಿ ಕೂರುತ್ತಿದೆ. ಗೋಡೆಯ ಕಡೆ ಕೂತವರು, ಮಗ ಮನೆಗೆ ಬಂದ, ಅವನು ಬ್ಯಾಟು ಹಿಡಿದು ಬರುವಾಗ ಹಿಂದೆ ಊದುತ್ತಿದ್ದ ಅವನ ಹಾಡನ್ನೇ ಊದೋಣ ಅನ್ನುತ್ತಾರೆ. ಬಾಗಿಲ ಕಡೆ ಕೂತವರಿಗೆ ಡೋಲಿನ ದೊಯಿಯೇ ನಾಯಕ. ಮೀನು ಕತ್ತರಿಸುವ ಅದೇ ಕೈಯಲ್ಲಿ ಮೇಜು ಕುಟ್ಟಿ, "ಗದ್ದಲ ಅಂದವನಿಗೆ ಗದ್ದಲ ಯಾಕೆ ಕೊಡ್ಬೇಕು? ಸುಮ್ನಿರೋಣ. ಬ್ಯಾಟಿನ ಸದ್ದು ಚೆನ್ನಾಗಿ ಕೇಳಿಸ್ಕೊಳ್ಳಲಿ" ಅನ್ನುತ್ತಾನೆ. ನಡುವೆ ಸಾರು ಬಡಿಸುತ್ತಾ ನಾನು.

ತೀರ್ಪು ಮಾತ್ರ ಆ ಹಾಡು ಕಟ್ಟಿದ ನಿನ್ನದು, ತಂಗಿ. ಹಾಡು ಕಟ್ಟಿದವರದು ಅನ್ನುವುದು ನಮ್ಮ ಗ್ಯಾಲರಿಯ ಕಟ್ಟಳೆ. ಆಟಗಾರ ತಂಡ ಬಿಟ್ಟ ದಿನ ಹಾಡು ಕಟ್ಟಿದವರ ಮನೆಗೆ ಮರಳುತ್ತದೆ. ಮತ್ತೆ ಊದಬೇಕಾದರೆ ಅವರ ಬಾಯಿಂದಲೇ ಆಗಲಿ ಎಂಬ ಮಾತು ಬರಬೇಕು. ಆಗಲಿ ಎನ್ನುವುದಾದರೆ ನಿನ್ನ ಟ್ರಂಪೆಟ್ಟಿನಲ್ಲಿ ಒಮ್ಮೆ ಊದಿ ಕ್ಯಾಸೆಟ್ ಕಳಿಸು. ಹೊಸದಾಗಿ ಊದುವ ಹುಡುಗರಿಗೆ ಆ ಹಾಡು ಬರುವುದಿಲ್ಲ. ನಮ್ಮಲ್ಲಿ ಸ್ವರ ಬರೆದದ್ದನ್ನು ಓದಬಲ್ಲವರು ಒಬ್ಬರೂ ಇಲ್ಲವೆಂದು ನಿನಗೆ ಗೊತ್ತೇ ಇದೆ.

ನನ್ನ ಮನಸ್ಸಿನಲ್ಲಿ ಏನಿದೆ ಎಂದು ಕೇಳಬೇಡ. ದಳಪತಿಗೆ ಮನಸ್ಸು ಇರಬಾರದು.

ತೊರಾಜೊ


ಕುಶಿರೋ
ಫೆಬ್ರವರಿ 20

ದಳಪತಿಗಳಿಗೆ ನಮಸ್ಕಾರ.

ನಿಮ್ಮ ಕಾಗದ ಬಂತು. ಅಂಗಡಿಯಲ್ಲಿ ಫುಮಿ ಅಕ್ಕ ಓದಿದಳು. ಜನ ನಕ್ಕರು.

ನಾನು ಈಗ ಊದುತ್ತಿಲ್ಲ. ದಯವಿಟ್ಟು ಆ ಹಾಡನ್ನು ನನ್ನಿಂದ ಕೇಳಬೇಡಿ. ಅದನ್ನು ಏನು ಮಾಡಬೇಕೋ ನಿಮ್ಮಿಷ್ಟದಂತೆ ಮಾಡಿ, ನನ್ನ ಅಭ್ಯಂತರವಿಲ್ಲ.

ಅಸಾಗಿರಿಯವರ ಮಂಡಿ ಬಲದ್ದೋ ಎಡದ್ದೋ? ಎಡದ್ದಾದರೆ ಹಿಂದಿನಂತೆ ಕಾಲು ಎತ್ತಿ ಹೊಡೆಯಲಾರರು. ತರಬೇತಿ ಶಿಬಿರದಲ್ಲಿ ಹೇಗೆ ನಿಂತಿದ್ದಾರೆ ಎಂದು ಯಾರಾದರೂ ನೋಡಿ ಬಂದರೆ ಬರೆಯಿರಿ. ಸುಮ್ಮನೆ ಕೇಳಿದೆ.

ಇಲ್ಲಿ ಬಂದರಿನ ನೀರು ಇನ್ನೂ ಹೆಪ್ಪುಗಟ್ಟಿದೆ. ನಿಮ್ಮ ಸೊಂಟನೋವಿಗೆ ಬಿಸಿ ಉಪ್ಪಿನ ಚೀಲ ಇಟ್ಟುಕೊಳ್ಳಿ.

ಚಿಗುಸಾ


ತಕಾಮತ್ಸು
ಮಾರ್ಚ್ 3

ಕುಶಿರೋದ ರಸಿಕರೇ, ಈ ಸಲ ನಗಬೇಡಿ. ಇದು ರೋಷದ ಅಂಕ.

ತಂಗಿ, ನಿನ್ನ ನಾಲ್ಕು ಸಾಲು ಓದಿ ನನ್ನ ಕೈಯಿಂದ ಸೌಟು ಜಾರಿತು. ಹನ್ನೆರಡು ವರ್ಷ ಮಳೆ ಬಿಸಿಲೆನ್ನದೆ ಊದಿದವಳು ಇನ್ನು ಊದುವುದಿಲ್ಲ, ಆ ಹಾಡು ಕೇಳಬೇಡಿ ಎನ್ನಬೇಕಾದರೆ ಆ ಒಂದು ಮಾತು ನಿನ್ನ ಎದೆಯಲ್ಲಿ ಎಷ್ಟು ಆಳಕ್ಕೆ ನಾಟಿರಬೇಕು. ಅವನು ಗದ್ದಲ ಅಂದದ್ದು ನಿನ್ನ ಹಾಡನ್ನಲ್ಲವೇ? ಮಂಡಿ ಎಡದ್ದೋ ಬಲದ್ದೋ ಎಂದು ಕೇಳಿದ್ದೂ ನನಗೆ ಅರ್ಥವಾಯಿತು. ಶತ್ರುವಿನ ಗಾಯ ಎಲ್ಲಿದೆ ಎಂದು ಕೇಳುವ ಹಕ್ಕು ನೊಂದವರಿಗೆ ಇದೆ. ಎಡದ್ದೇ ತಂಗಿ, ಎಡದ್ದೇ. ಕಾಲು ಎತ್ತುತ್ತಿಲ್ಲವಂತೆ, ನೆಲದ ಮೇಲೆ ಉಜ್ಜುತ್ತಾನಂತೆ. ಸಮಾಧಾನ ಮಾಡಿಕೋ.

ಮಾತಾಡೋಣವೆಂದು ಫೋನ್ ಮಾಡಿದೆ. ಪ್ರತಿ ಸಲವೂ ಎತ್ತಿದ್ದು ಫುಮಿಯಮ್ಮನೇ. ಒಂದು ಸಲ ನೀನು ಸ್ನಾನಕ್ಕೆ ಹೋಗಿದ್ದೆ, ಇನ್ನೊಂದು ಸಲ ಮಾರುಕಟ್ಟೆಗೆ, ಮತ್ತೊಂದು ಸಲ ಮತ್ತೆ ಸ್ನಾನಕ್ಕೆ. ಇಷ್ಟು ಸ್ನಾನ ನಮ್ಮ ಅಪ್ಪನ ನಾಟಕ ಕಂಪನಿಯ ರಾಣಿ ಪಾತ್ರದವನೂ ಮಾಡುತ್ತಿರಲಿಲ್ಲ. ಯಾರೊಡನೆಯೂ ಮಾತು ಬೇಡವಾಗಿದೆ ಎಂದುಕೊಂಡು ಇಟ್ಟುಬಿಟ್ಟೆ.

ಆಮೇಲೆ ದಳವನ್ನು ಕರೆಸಿ ನಿನ್ನ ಕಾಗದ ಮುಂದಿಟ್ಟೆ. ಜೈಕಾರ ನಡೆಸುವ ನನ್ನ ಬೀಸಣಿಗೆ ಮಡಚಿ ಹೇಳಿದೆ: ಈ ಗ್ಯಾಲರಿಯ ಉಸಿರೇ ಅವನಿಂದ ನೊಂದಿದೆ, ಇನ್ನು ಮಾತಿಲ್ಲ. ಅಸಾಗಿರಿ ಬ್ಯಾಟು ಹಿಡಿದು ಬಂದಾಗ ಬಲ ಗ್ಯಾಲರಿ ಕೂತುಬಿಡಬೇಕು. ಡೋಲಿಲ್ಲ, ಟ್ರಂಪೆಟ್ಟಿಲ್ಲ, ಚಪ್ಪಾಳೆಯಿಲ್ಲ. ಗೋಡೆಯ ಕಡೆಯವರು ತಲೆ ತಗ್ಗಿಸಿದರು. ದೊಯಿ ಎರಡನೇ ಬಟ್ಟಲು ಉಡೊನ್ ತರಿಸಿದ.

ಆದರೆ ಅಷ್ಟು ಒಳ್ಳೆಯ ಹಾಡು ಅನಾಥವಾಗಬಾರದು. ನಿಮ್ಮಿಷ್ಟದಂತೆ ಮಾಡಿ ಎಂದು ನೀನೇ ಬರೆದಿದ್ದೀಯ. ಅದಕ್ಕೇ ಆ ಹಾಡನ್ನು ಕೊಗುರೆಗೆ ಕೊಟ್ಟೆವು. ತಂಡಕ್ಕೆ ಬಂದು ಎರಡನೇ ವರ್ಷದ ಹುಡುಗ, ಬೆಕ್ಕಿನಂತೆ ಓಡುತ್ತಾನೆ, ಹೂವು ಮಾರುವ ಮುದುಕಿಗೂ ಬಗ್ಗಿ ನಮಸ್ಕಾರ ಮಾಡುತ್ತಾನೆ. ಕ್ಯಾಸೆಟ್ ಇಲ್ಲದ್ದರಿಂದ ಊದುವ ಹುಡುಗರಿಗೆ ನಾವು ಹಳಬರೇ ಬಾಯಲ್ಲಿ ಹಾಡಿ ಹೇಗೋ ಕಲಿಸುತ್ತಿದ್ದೇವೆ. ಹಾಡು ಕೊಡುವ ಶಾಸ್ತ್ರ ನನ್ನ ಅಂಗಡಿಯಲ್ಲೇ ಆಯಿತು. ನಿನಗೆ ನೆನಪಿದೆಯಲ್ಲ, ಆ ದಿನ ವಾದ್ಯ ಮುಟ್ಟುವಂತಿಲ್ಲ. ಇಡೀ ದಳ ಬರಿಬಾಯಲ್ಲಿ ಹಾಡಬೇಕು, ಆಟಗಾರ ಬರಿತಲೆಯಲ್ಲಿ ನಿಂತು ಕೇಳಬೇಕು. ಹುಡುಗ ಬೆವೆತುಹೋದ. "ಇದು ಅಸಾಗಿರಿ ಅಣ್ಣಂದು ಅಲ್ವಾ?" ಎಂದು ಕೇಳಿದ. ದೊಯಿ, "ಆಗಿತ್ತು. ಈಗ ನಿಂದು. ಬಗ್ಗು" ಅಂದ. ಬಗ್ಗಿದ.

ತಂಡದಲ್ಲೇ ಇರುವವನ ಹಾಡನ್ನು ಇನ್ನೊಬ್ಬನಿಗೆ ಕೊಡುವುದಕ್ಕಿಂತ ದೊಡ್ಡ ಅವಮಾನ ನಮ್ಮ ಶಾಸ್ತ್ರದಲ್ಲಿಲ್ಲ. ನಿನಗಾಗಿ ಅದನ್ನೂ ಮಾಡಿದೆ. ಊರಿನ ಮೈದಾನದಲ್ಲಿ ಮೊದಲ ಆಟ ಏಪ್ರಿಲ್ ಐದಕ್ಕೆ. ಸಂಜೆಯ ಮೇಲೆ ನಮ್ಮ ರೇಡಿಯೊ ಕಡಲು ದಾಟಿ ನಿಮ್ಮಲ್ಲಿಗೂ ಬರುತ್ತದಲ್ಲ. ಕಿವಿ ಇಟ್ಟು ಕೇಳು. ತಣ್ಣಗಾಗು.

ನಿನ್ನ ಪರವಾಗಿ ಬೀಸಣಿಗೆ ಮಡಚಿದ,
ತೊರಾಜೊ


ಕುಶಿರೋ
ಏಪ್ರಿಲ್ 6

ದಳಪತಿಗಳೇ,

ನಿಮ್ಮ ಮಾರ್ಚಿನ ಕಾಗದವನ್ನು ನಾನು ನೆನ್ನೆಯವರೆಗೆ ಓದಿರಲಿಲ್ಲ. ಬಂದ ದಿನವೇ ಅಕ್ಕ ಓದಿದ್ದಳು. ಇದನ್ನು ಇವಳಿಗೆ ಹೇಗೆ ತೋರಿಸಲಿ ಎಂದು ಅಕ್ಕಿಯ ಡಬ್ಬದ ಹಿಂದೆ ಇಟ್ಟುಬಿಟ್ಟಿದ್ದಳು. ಆದ್ದರಿಂದ ನೆನ್ನೆ ನನಗೆ ಏನೂ ಗೊತ್ತಿರಲಿಲ್ಲ.

ಸಂಜೆ ಒಲೆಯ ಪಕ್ಕ ರೇಡಿಯೊ ಇಟ್ಟುಕೊಂಡು ಮೀನು ಸುಡುತ್ತಿದ್ದೆ. ನಿಮ್ಮ ಗ್ಯಾಲರಿ ಕೇಳಿಸುತ್ತಿತ್ತು. ಯಾರು ಬ್ಯಾಟು ಹಿಡಿದು ಬರುತ್ತಿದ್ದಾರೆಂದು ಹೇಳಲು ನನಗೆ ವರದಿಗಾರ ಬೇಕಿಲ್ಲ, ಹಾಡು ಕೇಳಿದರೆ ಸಾಕು. ಇದ್ದಕ್ಕಿದ್ದಂತೆ ಮೂರು ಉದ್ದದ ಸ್ವರ ಬಂದವು. ನನ್ನವು. ನಾನು ಎದ್ದು ನಿಂತೆ. ಬಂದರಿನವರ ಕಡೆ ತಿರುಗಿ, "ಅಸಾಗಿರಿ ಬಂದ್ರು, ಅಸಾಗಿರಿ" ಅಂದೆ. ನಾನು ಅಷ್ಟು ಜನರ ಎದುರು ಬಾಯಿ ತೆರೆದು ಬಹಳ ದಿನವಾಗಿತ್ತು. ಅವರೆಲ್ಲ ಲೋಟ ಎತ್ತಿದರು. ಆಗ ವರದಿಗಾರ, ಎರಡನೇ ಬ್ಯಾಟುಗಾರ ಕೊಗುರೆ, ಎಂದ.

ಕಿವಿಯ ತಪ್ಪೆಂದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಸದ್ದೇ ನಿಂತುಹೋಯಿತು. ರೇಡಿಯೊ ಕೆಟ್ಟಿತೆಂದು ಬೆನ್ನಿಗೆ ಗುದ್ದಿದೆ. ಅದು ಕೆಟ್ಟಿರಲಿಲ್ಲ. ಅಸಾಗಿರಿ ಬಂದಿದ್ದಾರೆ, ಬಲ ಗ್ಯಾಲರಿ ಕುಳಿತಿದೆ, ಎಂದು ವರದಿಗಾರ ಸಣ್ಣ ದನಿಯಲ್ಲಿ ಹೇಳುತ್ತಿದ್ದ. ಆ ಮೌನದಲ್ಲಿ ಅವರು ಮೂರು ಸಲ ಬೀಸಿ, ಮೂರೂ ತಪ್ಪಿ, ಔಟಾಗಿ ಹೊರಗೆ ಹೋದರು. ಮೀನು ಕರಕಲಾಗಿತ್ತು. ಅಕ್ಕ ಅಳುತ್ತಾ ಅಕ್ಕಿಯ ಡಬ್ಬ ಸರಿಸಿದಳು.

ಇದನ್ನೆಲ್ಲ ನನ್ನ ಹೆಸರಿನಲ್ಲಿ ಮಾಡಿದಿರಾ? ನಾನು ಅವರ ಮೇಲೆ ಮುನಿದಿದ್ದೇನೆಂದು ಯಾರು ಹೇಳಿದರು ನಿಮಗೆ? ಊದುತ್ತಿಲ್ಲ ಎಂದು ಬರೆದೆ. ಊದಬೇಡಿ ಎಂದು ಬರೆದೆನೇ? ನಿಮ್ಮಿಷ್ಟ ಎಂದರೆ ನೀವು ಖಂಡಿತ ಊದಿಸುತ್ತೀರಿ ಎಂದುಕೊಂಡಿದ್ದೆ. ಅವರು ಮೊದಲ ಸಲ ಚೆಂಡನ್ನು ಕಡಲಿಗೆ ಹಾಕಿದ ದಿನ ಬೀಸಣಿಗೆ ಹಿಡಿದು ಅತ್ತವರು ನೀವೇ ಅಲ್ಲವೇ?

ಅವರು ಒಳ್ಳೆಯವರೆಂದು ನಾನು ಹೇಳುತ್ತಿಲ್ಲ. ಹೇಳದೆ ಕೇಳದೆ ಹೋದಾಗ ಒಂದು ತಿಂಗಳು ನಾನೂ ಪತ್ರಿಕೆ ಮುಟ್ಟಲಿಲ್ಲ. ಆದರೆ ನನ್ನ ಹಾಡನ್ನು ಕಲ್ಲು ಮಾಡಿ ಅವರಿಗೆ ಎಸೆದಿರಲ್ಲ, ಅದನ್ನು ಸಹಿಸಲಾರೆ.

ಚಿಗುಸಾ


ತಕಾಮತ್ಸು
ಏಪ್ರಿಲ್ 14

ತಂಗಿ,

ಈ ಕಾಗದವನ್ನು ಗಟ್ಟಿಯಾಗಿ ಓದಬೇಡ. ಪ್ರೇಕ್ಷಕರಿಲ್ಲದೆ ನಾನು ಮಾತಾಡಿದ್ದೇ ಕಡಿಮೆ, ತಡವರಿಸಿದರೆ ಕ್ಷಮಿಸು.

ನಿನ್ನ ಕಾಗದ ಬಂದ ದಿನ ಉಡೊನ್ ಹಿಟ್ಟನ್ನು ಚೀಲಕ್ಕೆ ಹಾಕಿ ಕಾಲಲ್ಲಿ ತುಳಿಯುತ್ತಿದ್ದೆ. ಚೀಲದ ಮೇಲೆ ನಿಂತೇ ಓದಿದೆ. ಹಿಟ್ಟು ಕಲ್ಲಾಗುವವರೆಗೆ ತುಳಿದಿದ್ದೇನೆ, ಆ ದಿನದ ಉಡೊನ್ ಯಾರಿಗೂ ಅಗಿಯಲಾಗಲಿಲ್ಲ.

ದಳಪತಿಗೆ ಮನಸ್ಸು ಇರಬಾರದು ಎಂದು ಬರೆದಿದ್ದೆನಲ್ಲ. ಇತ್ತು. ಅವನಿಗೆ ಊದಬೇಕೆಂದೇ ಇತ್ತು. ನಿನಗೆ ನೋವಾಗುವುದೆಂದು ಅದನ್ನು ನುಂಗಿದೆ. ನುಂಗಿದ್ದು ಹೆಚ್ಚಾಗಿ, ಎಲ್ಲರಿಗಿಂತ ಗಟ್ಟಿಯಾಗಿ ಅವನನ್ನು ಬೈದೆ. ಅಪ್ಪನ ಕಂಪನಿಯಲ್ಲೂ ಹಾಗೇ, ನನಗೆ ಇಷ್ಟವಾದ ಪಾತ್ರವನ್ನು ಕೊಲ್ಲುವ ದೃಶ್ಯ ಬಂದರೆ ಕತ್ತಿ ಎಲ್ಲರಿಗಿಂತ ಜೋರಾಗಿ ಬೀಸುತ್ತಿದ್ದೆ.

ಈಗ ಇಲ್ಲಿಯ ಪರಿಸ್ಥಿತಿ ಕೇಳು. ಅಸಾಗಿರಿ ನಾಲ್ಕು ಆಟದಲ್ಲಿ ಒಂದೇ ಒಂದು ಹೊಡೆತ ಹೊಡೆದಿದ್ದಾನೆ. ಪತ್ರಿಕೆಯವರು, ಈಗ ಬ್ಯಾಟಿನ ಸದ್ದು ಕೇಳಿಸುತ್ತಿದೆಯೇ ಎಂದು ಕಾಲೆಳೆದರಂತೆ. ಅವನು ನಗಲಿಲ್ಲ, ಬೈಯಲೂ ಇಲ್ಲ. "ಕೊಗುರೆಗೆ ಊದ್ತಿರೋದು ನನ್ನ ಹಾಡು" ಅಂದನಂತೆ. ಅಷ್ಟೇ. ಮಾರನೆಯ ದಿನ ಊರೆಲ್ಲ ಅದೇ ಮಾತು. ಗೋಡೆಯ ಕಡೆಯವರು, ಇಷ್ಟು ವರ್ಷ ರಾಜಧಾನಿಯಲ್ಲಿದ್ದೂ ಮರೆತಿಲ್ಲ ನೋಡಿ, ಎಂದು ಕಣ್ಣೊರೆಸಿಕೊಂಡರು. ಬಾಗಿಲ ಕಡೆಯವರು, ಸೊಕ್ಕು ನೋಡಿ, ಬಿಟ್ಟುಹೋದ ಮನೆಯ ಬೀಗದ ಕೈ ಕೇಳುತ್ತಿದ್ದಾನೆ, ಅಂದರು. ನನಗೆ ಇಬ್ಬರೂ ಹೇಳಿದ್ದು ಸರಿ ಅನ್ನಿಸುತ್ತದೆ. ಅವನ ವಿಷಯದಲ್ಲಿ ಯಾವಾಗಲೂ ಹಾಗೇ.

ಕೊಗುರೆಯ ಪಾಡು ಇನ್ನೂ ಕೆಟ್ಟದ್ದು. ನೀನು ಆ ಹಾಡು ಕಟ್ಟಿದ್ದು ಅಸಾಗಿರಿಯ ಅಳತೆಗೆ. ಅವನು ಬ್ಯಾಟಿನಿಂದ ನೆಲ ಮುಟ್ಟಿ, ತೋಳು ನೋಡಿ, ಉಸಿರು ತೆಗೆದುಕೊಂಡು ನಿಧಾನಕ್ಕೆ ನಿಲ್ಲುತ್ತಿದ್ದ. ಮೂರು ಉದ್ದದ ಸ್ವರ, ಒಂದು ಉಸಿರು, ಮತ್ತೆ ಮೂರು. ಈ ಹುಡುಗ ಮೊದಲ ಚೆಂಡಿಗೇ ಹಾರುವವನು. ಆದರೆ ಹಿರಿಯರು ಊದುತ್ತಿರುವಾಗ ನಡುವೆ ಹೊಡೆದರೆ ಮರ್ಯಾದೆಯಲ್ಲವೆಂದು ಸಾಲು ಮುಗಿಯಲಿ ಎಂದು ಕಾಯುತ್ತಾನೆ. ಸಾಲು ಮುಗಿಯುವಷ್ಟರಲ್ಲಿ ಚೆಂಡು ಹೋಗಿ ಹಿಡಿಯುವವನ ಕೈ ಸೇರಿರುತ್ತದೆ. ಅಷ್ಟು ಮರ್ಯಾದಸ್ಥ ಹುಡುಗ ದೇವರ ದಯದಿಂದ ಇನ್ನೊಬ್ಬ ಹುಟ್ಟದಿರಲಿ. ಹೀಗೇ ಆದರೆ ಅವನನ್ನು ಕಿರಿಯರ ತಂಡಕ್ಕೆ ಕಳಿಸುತ್ತಾರೆ.

ಹಾಡನ್ನು ಅಸಾಗಿರಿಗೆ ಹಿಂದಿರುಗಿಸಬೇಕು. ಆದರೆ ಕೊಟ್ಟ ಹಾಡನ್ನು ಸುಮ್ಮನೆ ಕಿತ್ತುಕೊಂಡರೆ ಆ ಹುಡುಗನಿಗೆ ಇನ್ನು ಮರ್ಯಾದೆ ಎಲ್ಲಿ? ಅದೇ ದಿನ ಅವನಿಗೆ ಬೇರೆ ಹಾಡು ಕೊಡಬೇಕು. ಕಟ್ಟುವವರು ಯಾರು? ದೊಯಿಯ ಷಡ್ಡಕನೊಬ್ಬ ಸಂಗೀತದ ಮೇಷ್ಟ್ರು. ಅವನು ಒಂದು ಕಟ್ಟಿ ತಂದ. ಊದಿದೊಡನೆ ನಮ್ಮ ಹುಡುಗರು ಚೀಲ ಹೆಗಲಿಗೇರಿಸಿದರು, ಶಾಲೆ ಬಿಟ್ಟಿತೆಂದು.

ನೀನೇ ಕಟ್ಟಬೇಕು. ಯಾಕೆ ಊದುತ್ತಿಲ್ಲವೆಂದು ನಾನು ಮತ್ತೆ ಊಹಿಸುವುದಿಲ್ಲ, ಊಹಿಸಿ ಆದದ್ದು ಸಾಕು. ನೀನಾಗಿ ಹೇಳು. ಹೇಳದಿದ್ದರೆ ಈಗ ಸಿಟ್ಟು ನನ್ನ ಮೇಲೆ ಎಂದುಕೊಳ್ಳುತ್ತೇನೆ, ಅದು ನ್ಯಾಯವೂ ಹೌದು.

ತೊರಾಜೊ


ಕುಶಿರೋ
ಮೇ 2

ತೊರಾಜೊ ಅಣ್ಣನಿಗೆ,

ಸಿಟ್ಟಿಲ್ಲ. ಕಾಗದ ತಡವಾದದ್ದು, ಬರೆದು ಹರಿದು ಬರೆದದ್ದರಿಂದ.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಚಹಾ ಕುಡಿಯುತ್ತಿದ್ದೆ. ಚಹಾ ಬಾಯಿಯ ಬಲಗಡೆಯಿಂದ ಸುರಿದು ಎದೆಯ ಮೇಲೆ ಬಿತ್ತು. ನನಗೆ ಗೊತ್ತೇ ಆಗಲಿಲ್ಲ. ಅಕ್ಕ ನನ್ನ ಮುಖ ನೋಡಿ ಬಟ್ಟಲು ಕೆಳಗಿಟ್ಟಳು. ಮುಖದ ಬಲ ಅರ್ಧ ಸತ್ತುಹೋಗಿತ್ತು. ಕಣ್ಣು ಮುಚ್ಚುತ್ತಿರಲಿಲ್ಲ, ತುಟಿ ಜೋತಿತ್ತು. ನರದ ತೊಂದರೆ, ಪ್ರಾಣಕ್ಕೆ ಅಪಾಯವಿಲ್ಲ, ಕೆಲವರಿಗೆ ಪೂರ್ತಿ ಸರಿಯಾಗುತ್ತದೆ, ಕೆಲವರಿಗೆ ಅರ್ಧ, ಎಂದರು ವೈದ್ಯರು. ಕಣ್ಣು ಈಗ ಮುಚ್ಚುತ್ತದೆ. ತುಟಿ ಅರ್ಧದವರ ಸಾಲಿನಲ್ಲಿದೆ.

ಪ, ಬ, ಮ ಎಂಬ ಅಕ್ಷರಗಳು ಒದ್ದೆಯಾಗಿ ಬೀಳುತ್ತವೆ. ಅದಕ್ಕೇ ಫೋನಿಗೆ ಬರಲಿಲ್ಲ. ಪಾಪ, ಅಕ್ಕನಿಗೆ ಸ್ನಾನ ಬಿಟ್ಟರೆ ಬೇರೆ ಸುಳ್ಳು ಬರುವುದಿಲ್ಲ. ನಿಮ್ಮ ಕಾಗದ ಓದುವುದನ್ನೂ ಬಿಟ್ಟೆ. ಅಂಗಡಿಯಲ್ಲಿ ಒಲೆಯ ಕಡೆ ಮುಖ ಮಾಡಿಯೇ ಇರುತ್ತೇನೆ. ಗಿರಾಕಿಗಳು ಒಳ್ಳೆಯವರು, ಬೆನ್ನಿನ ಜೊತೆಗೇ ಮಾತಾಡುತ್ತಾರೆ.

ಜನವರಿಯಲ್ಲಿ ಟ್ರಂಪೆಟ್ ತುಟಿಗಿಟ್ಟೆ. ಗಾಳಿ ಪಕ್ಕದಿಂದ ಸೋರಿತು. ಕಡಲಂಚಿನ ಹೆಣ್ಣು ಸೀಲ್ ಪ್ರಾಣಿ ಉಸಿರುಬಿಟ್ಟಂಥ ಸದ್ದು. ಪೆಟ್ಟಿಗೆಯಲ್ಲಿಟ್ಟು ಕಟ್ಟಿಬಿಟ್ಟೆ. ಅಷ್ಟರಲ್ಲಿ ನಿಮ್ಮ ಕಾಗದ ಬಂತು, ಅಸಾಗಿರಿಯವರ ಹಾಡು ಊದಿ ಕಳಿಸು ಎಂದು. ಆ ಉದ್ದದ ಸ್ವರಗಳನ್ನು ಇನ್ನು ನಾನು ಹಿಡಿಯಲಾರೆ ಎಂದು ಹೇಗೆ ಬರೆಯಲಿ? ನಾಲ್ಕು ಸಾಲು ಬರೆದು ಮುಗಿಸಿದೆ. ನೀವು ಅದನ್ನು ರೋಷ ಎಂದಿರಿ. ನಾಚಿಕೆ ಅಣ್ಣ, ಬರೀ ನಾಚಿಕೆ.

ಗದ್ದಲದ ಮಾತಿಗೂ ನನಗೆ ನೋವಾಗಿರಲಿಲ್ಲ. ಆ ದಿನ ನಾವು ನಿಜವಾಗಿಯೂ ಗದ್ದಲ ಮಾಡಿದ್ದೆವು. ಡೋಲು ಒಂದು ಕಡೆ, ಹಾಡು ಇನ್ನೊಂದು ಕಡೆ. ಉಳಿದವರು ಬಗ್ಗಿ ಧನ್ಯವಾದ ಹೇಳಿ ಹೋದರು. ಅವರೊಬ್ಬರೇ ಕೇಳಿಸಿಕೊಂಡಿದ್ದರು.

ನಿಮ್ಮ ಏಪ್ರಿಲಿನ ಕಾಗದ ಓದಿ, ಕೊಗುರೆಯ ಮರ್ಯಾದೆಯ ಕಥೆಗೆ ನಕ್ಕೆ. ಒಂದೇ ಕಡೆಯಿಂದ ನಕ್ಕೆ. ಆಮೇಲೆ ಹಿಂದಿನ ಉಗ್ರಾಣಕ್ಕೆ ಹೋಗಿ, ಒಣಮೀನಿನ ಪೆಟ್ಟಿಗೆಗಳ ನಡುವೆ ಕೂತು, ಟ್ರಂಪೆಟ್ ತೆಗೆದೆ. ತುಟಿಯ ಬಲತುದಿಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಸ್ವರ ಬರುತ್ತದೆ. ಆದರೆ ಗುಟುಕಿನಷ್ಟೇ. ಉದ್ದ ಎಳೆಯುವ ಮೊದಲೇ ಸೋರುತ್ತದೆ. ಹಾಗಾಗಿ ಬಂದಷ್ಟನ್ನೇ ಕತ್ತರಿಸಿ ಕತ್ತರಿಸಿ ಊದಿದೆ. ದಿನವೂ ಊದಿದೆ. ಅದು ಬರಬರುತ್ತಾ ಓಡತೊಡಗಿತು. ಸೂರಿನ ಮೇಲೆ ಬೆಕ್ಕು ಓಡಿದಂತೆ. ಮೊದಲ ಚೆಂಡು ಬರುವಷ್ಟರಲ್ಲಿ ಮುಗಿದಿರುತ್ತದೆ, ಆ ಹುಡುಗ ಕಾಯಬೇಕಾದ್ದಿಲ್ಲ.

ಹಾಡು ಇದೆ. ಆದರೆ ಕಳಿಸುವುದು ಹೇಗೋ ತಿಳಿಯದು. ಬರೆದು ಕಳಿಸಿದರೆ ನೀವು ಯಾರೂ ಓದಲಾರಿರಿ. ಕ್ಯಾಸೆಟ್ಟಿಗೆ ಊದಿ ನೋಡಿದೆ. ಸ್ವರಕ್ಕಿಂತ ಸೋರಿಕೆಯೇ ಹೆಚ್ಚು ಕೇಳುತ್ತದೆ, ಎಲ್ಲಿ ಹಾಡು ಎಲ್ಲಿ ಗಾಳಿ ಎಂದು ನಾನು ಪಕ್ಕದಲ್ಲಿದ್ದು ಹೇಳದೆ ಗೊತ್ತಾಗುವುದಿಲ್ಲ. ನಾನು ಅಲ್ಲಿಗೆ ಬರಲಾರೆ. ಗ್ಯಾಲರಿ ತುಂಬ ನನ್ನ ಮುಖ ಬಲ್ಲವರೇ. ನೀವೂ ಬರಬೇಡಿ. ಹಳೆಯ ಮುಖವೇ ನಿಮ್ಮ ನೆನಪಿನಲ್ಲಿರಲಿ.

ಚಿಗುಸಾ


ತಕಾಮತ್ಸು
ಮೇ 9

ಚಿಗುಸಾ,

ನಿನ್ನ ಕಾಗದವನ್ನು ಯಾರಿಗೂ ತೋರಿಸಿಲ್ಲ. ನಿನಗೆ ಮೈ ಹುಷಾರಿಲ್ಲ, ಹಾಡು ಸಿದ್ಧವಿದೆ, ಎಂದಷ್ಟೇ ದಳಕ್ಕೆ ಹೇಳಿದೆ. ಯಾರೂ ಕೆದಕಲಿಲ್ಲ.

ಇನ್ನೊಂದು ಸಂಗತಿ ಇದೆ. ನೆನ್ನೆ ಮಧ್ಯಾಹ್ನ ಅಂಗಡಿ ತುಂಬಿರುವಾಗ ಬಾಗಿಲ ಪರದೆ ಸರಿಸಿ ಅಸಾಗಿರಿ ಒಳಗೆ ಬಂದ. ಇಷ್ಟು ವರ್ಷದಲ್ಲಿ ಮೊದಲ ಸಲ. ಕಾಲು ಸ್ವಲ್ಪ ಎಳೆಯುತ್ತಿದ್ದಾನೆ, ಕಿವಿಯ ಮೇಲೆ ನರೆ ಬಂದಿದೆ. ತಣ್ಣನೆಯ ಉಡೊನ್ ಕೇಳಿದ. ಯಾರ ಮುಖವನ್ನೂ ನೋಡದೆ ತಿಂದ. ಅಂಗಡಿಯಲ್ಲಿ ಅವನು ಉಡೊನ್ ಬಾಯಿಗೆ ಎಳೆದುಕೊಳ್ಳುವ ಸದ್ದೊಂದೇ. ಅರ್ಧ ತಿಂದು ಊಟದ ಕಡ್ಡಿ ಕೆಳಗಿಟ್ಟು, "ನನ್ನ ಹಾಡು ಯಾವಾಗ ಕೊಡ್ತೀರಿ?" ಅಂದ.

ನಾನು ಬಾಯಿ ತೆರೆಯುವ ಮೊದಲೇ ದೊಯಿ ಎದ್ದುನಿಂತ. "ಗದ್ದಲ ಅಂದೋನು ನೀನೇ ಅಲ್ವೇನಪ್ಪ?"

"ಅಂದೆ. ಹಾಡಿಗಲ್ಲ. ನಿಮ್ಮ ಡೋಲಿಗೆ."

ತಂಗಿ, ಅಪ್ಪನ ಕಂಪನಿಯಲ್ಲಿ ಮುನ್ನೂರು ಜನ ಉಸಿರು ಬಿಗಿಹಿಡಿದದ್ದನ್ನು ನಾನು ಕೇಳಿದ್ದೇನೆ. ನೆನ್ನೆಯದು ಅದಕ್ಕಿಂತ ದೊಡ್ಡದು. ದೊಯಿಯ ಮುಖ ಬೇಯಿಸಿದ ಏಡಿಯಾಯಿತು. ಗೋಡೆಯ ಕಡೆಯಿಂದ ಯಾರೋ, "ಅದನ್ನ ನಾವೂ ಹೇಳ್ಬೇಕು ಅಂತಿದ್ವಿ" ಅಂದರು. ಬಾಗಿಲ ಕಡೆಯವರೇ ಮೊದಲು ನಕ್ಕರು. ಕೊನೆಗೆ ದೊಯಿ ಕೂತು, "ನನ್ನ ಬಲಗೈ ಸ್ವಲ್ಪ ಮುಂದೆ ಓಡುತ್ತೆ, ನಿಜ" ಅಂದ. ಗ್ಯಾಲರಿಯ ಎರಡು ಕಡೆಯವರು ಒಂದೇ ಮೇಜಿಗೆ ಬಂದದ್ದು ಅಲ್ಲಿಗೆ.

ಅಸಾಗಿರಿ ನಗಲಿಲ್ಲ. ಅವನು ನನ್ನನ್ನೇ ನೋಡುತ್ತಿದ್ದ. "ಟ್ರಂಪೆಟ್ ಊದ್ತಿದ್ದ ಅವರು ಎಲ್ಲಿ? ಈಗ ಊದೋರು ನಡುವೆ ಉಸಿರು ತಗೊಳ್ಳಲ್ಲ. ಅವರು ತಗೊಳ್ತಿದ್ರು. ಅವರು ತಗೊಂಡಾಗ ನಾನೂ ತಗೊಳ್ತಿದ್ದೆ."

ಕುಶಿರೋದಲ್ಲಿದ್ದಾರೆ, ಎಂದಷ್ಟೇ ಹೇಳಿದೆ. ತಲೆ ಆಡಿಸಿದ. ಎದ್ದ. ಈಗಲಾದರೂ ಬಗ್ಗುತ್ತಾನೆಂದು ಇಡೀ ಅಂಗಡಿ ಕಾಯಿತು. ಬಗ್ಗಲಿಲ್ಲ. ಪರದೆ ಸರಿಸಿ ಹೋದ. ದೊಯಿ ಅವನ ಬಟ್ಟಲಿನ ಕಡೆ ನೋಡಿ, "ಅರ್ಧ ಬಿಟ್ಟಿದ್ದಾನೆ, ದರಿದ್ರದೋನು" ಅಂದ. ಆ ದನಿಯಲ್ಲಿ ಎಷ್ಟು ಪ್ರೀತಿಯಿತ್ತು ಎಂದು ಅವನಿಗೇ ಗೊತ್ತಿಲ್ಲ. ನಾನೂ ಅವನ ಬಗ್ಗೆ ಏನು ಅಂದುಕೊಳ್ಳಬೇಕೆಂದು ಈ ವಯಸ್ಸಿಗೂ ತೀರ್ಮಾನಿಸಿಲ್ಲ. ತೀರ್ಮಾನಿಸುವ ಮೊದಲೇ ಅವನ ಆಟ ಮುಗಿಯುತ್ತದೆ. ಇನ್ನೊಂದು ವರ್ಷ, ಹೆಚ್ಚೆಂದರೆ ಎರಡು. ಅಷ್ಟು ದಿನವಾದರೂ ಹಾಡಿನ ಜೊತೆ ನಿಲ್ಲಲಿ.

ಕೊಗುರೆಗೆ ಎಲ್ಲ ಹೇಳಿದೆ. ನಿನಗೆ ಹೊಸದು ಬರುತ್ತದೆ, ಗುಟುಕು ಗುಟುಕಾದ ಹಾಡು, ಕಾಯಬೇಕಾದ್ದಿಲ್ಲ ಅಂದೆ. ಹುಡುಗ ಬಗ್ಗಿದವನು ಏಳಲೇ ಇಲ್ಲ, ನಾನೇ ಹಿಡಿದೆತ್ತಬೇಕಾಯಿತು. ಮುಂದಿನ ಶುಕ್ರವಾರ ಊರಿನ ಮೈದಾನದಲ್ಲಿ ಆಟ. ಅಷ್ಟರೊಳಗೆ ಹಾಡು ಇಲ್ಲಿರಬೇಕು. ಇದ್ದರೆ ಒಂದೇ ದಿನ ಇಬ್ಬರಿಗೂ ಅವರವರ ಹಾಡು. ಇಲ್ಲದಿದ್ದರೆ ಅಸಾಗಿರಿ ಮತ್ತೆ ಮೌನದಲ್ಲಿ ನಿಲ್ಲುತ್ತಾನೆ, ಹುಡುಗ ಕಿರಿಯರ ತಂಡದ ಬಸ್ಸು ಹತ್ತುತ್ತಾನೆ.

ಬರಬೇಡಿ ಎಂದು ಬರೆದಿದ್ದೀಯ. ಓದಿದೆ. ನಿನ್ನ ಮಾತನ್ನು ಅರ್ಥ ಮಾಡಿಕೊಳ್ಳುವುದರಲ್ಲಿ ನಾನು ಒಮ್ಮೆ ಎಡವಿದ್ದೇನೆ. ಈ ಸಲ ಎಡವುತ್ತಿಲ್ಲ, ತಿಳಿದೇ ಮೀರುತ್ತಿದ್ದೇನೆ. ಬೇಕಾದರೆ ಎದುರಿಗೇ ಬೈಯಿ. ಪ, ಬ, ಮ ಒದ್ದೆಯಾಗಿ ಬಿದ್ದರೆ ಬೀಳಲಿ. ಅರವತ್ತು ದಾಟಿದ ಮೇಲೆ ನನ್ನ ಕಟ್ಟಿಸಿದ ಹಲ್ಲಿನಲ್ಲೂ ಅವು ಒಣಗಿ ಬರುವುದಿಲ್ಲ. ಮುಖದ ಮಾತು ಹೇಳಬೇಡ. ನಾನು ಮುಖ ನೋಡಲು ಬರುವವನಲ್ಲ, ಹಾಡು ಕಲಿಯಲು ಬರುವವನು. ಉಗ್ರಾಣದಲ್ಲಿ ಕೂರಿಸು. ನೀನು ಬೆರಳಿಟ್ಟು ಊದು. ನಾನು ಬಾಯಲ್ಲಿ ಹಿಡಿಯುತ್ತೇನೆ. ಎಲ್ಲಿ ಗಾಳಿ ಎಲ್ಲಿ ಹಾಡು ಎಂದು ನೀನು ಹೇಳಬೇಕಿಲ್ಲ, ಹನ್ನೆರಡು ವರ್ಷ ನಿನ್ನ ಪಕ್ಕದಲ್ಲೇ ನಿಂತವನಿಗೆ ಅಷ್ಟು ಕಿವಿ ಇದೆ. ಹಾಡು ಕೊಡುವ ದಿನ ಹೇಗೂ ವಾದ್ಯವಿಲ್ಲ, ಬರಿಬಾಯಲ್ಲೇ ಹಾಡಬೇಕು. ನನ್ನ ಬಾಯಲ್ಲಿ ಅದು ಊರು ಸೇರುತ್ತದೆ.

ಹಾಗೇ ಅಸಾಗಿರಿಯ ಹಾಡಿನ ಮೂರನೇ ಸ್ವರ ಆದ ಮೇಲೆ ಉಸಿರು ಎಷ್ಟು ಹೊತ್ತು ಎಂದೂ ಹೇಳಿಕೊಡು. ಅದನ್ನು ಹುಡುಗರಿಗೆ ಕಲಿಸಬೇಕು.

ಈ ಕಾಗದ ನಾನು ಬಂದ ಮೇಲೆಯೇ ನಿನ್ನ ಕೈ ಸೇರುತ್ತದೆ. ಸೇರಲಿ. ನಾಳೆ ಬೆಳಿಗ್ಗೆ ಅಂಗಡಿಯ ಬಾಗಿಲಿಗೆ ರಜೆಯ ಹಲಗೆ ತೂಗುಹಾಕಿ, ಕೀಲಿ ದೊಯಿಯ ಕೈಗಿಟ್ಟು, ಮೊದಲ ವಿಮಾನ ಹತ್ತುತ್ತೇನೆ. ಆಕಾಶದಲ್ಲಿರುವವರೆಗೆ ಒಂದು ಮಾತೂ ಆಡದೆ ಗಂಟಲು ಕಾಪಾಡಿಕೊಂಡು ಬರುತ್ತೇನೆ.

ತೊರಾಜೊ